ಅಕ್ಕಲಕೋಟದ ನಾಲ್ಕನೇ ಕಂಪ್ಯೂಟರ್

ಸೋಲಾಪುರದಲ್ಲಿ ಪೈಪು, ಪಂಪು, ಮೋಟಾರು ಮಾರುವ ಒಂದು ದೊಡ್ಡ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಅದೇ ಮಾಲಕರ ಇನ್ನೊಂದು ಅಂಗಡಿ ಅಕ್ಕಲಕೋಟದಲ್ಲಿದೆ. ಅಲ್ಲಿಯ ಕಂಪ್ಯೂಟರ್ ಕೆಟ್ಟರೆ ನಾನು ಬಸ್ಸು ಹತ್ತಬೇಕು. ಎಷ್ಟೋ ಸಲ ಹೋಗಿ ನೋಡಿದರೆ ಬಂದ್ ಮಾಡಿ ಚಾಲೂ ಮಾಡುವಷ್ಟೇ ಕೆಲಸ. ಮಾಲಕರಿಗೂ ಇದು ಸಾಕಾಗಿತ್ತು, ನನಗೂ ಸಾಕಾಗಿತ್ತು.

ಹೊಸದಾಗಿ ತಂದ ಕಂಪ್ಯೂಟರ್‌ಗಳಲ್ಲಿ ಒಂದು ಅನುಕೂಲವಿತ್ತು. ಬೇಕಾದ ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ತುಂಬಿ, ಅದನ್ನು ಚುಚ್ಚಿ ಚಾಲೂ ಮಾಡಿದರೆ ಪರದೆ ಒಪ್ಪಿಗೆ ಕೇಳುತ್ತದೆ. ಕೀಬೋರ್ಡಿನ ವೈ ಒತ್ತಿದರೆ ಮುಗಿಯಿತು. ಆಮೇಲೆ ಅದು ಬಂದ್ ಇದ್ದರೂ ಸೋಲಾಪುರದಿಂದಲೇ ಚಾಲೂ ಮಾಡಬಹುದು, ಅದರ ಪರದೆಯನ್ನು ಇಲ್ಲಿಯೇ ಕೂತು ನೋಡಬಹುದು.

ಸೋಲಾಪುರದವನ್ನು ನಾನೇ ಮುಗಿಸಿದೆ. ಅಕ್ಕಲಕೋಟದಲ್ಲಿ ನಾಲ್ಕು ಇದ್ದವು. ಅಲ್ಲೊಬ್ಬರು ಪೆನ್‌ಡ್ರೈವ್ ಚುಚ್ಚಬೇಕು, ಇಲ್ಲೊಬ್ಬರು ಪರೀಕ್ಷಿಸಬೇಕು. ಅಲ್ಲಿ ಬಿಲ್ಲು ಮಾಡುವವರು, ನಾವೆಲ್ಲ ಕಾಕಾ ಎಂದು ಕರೆಯುವವರು, ತಾವೇ ಮಾಡುವುದಾಗಿ ಹೇಳಿದರು. ಅರವತ್ತು ದಾಟಿದವರು, ನಗುಮುಖದವರು. ಮಾಲು ಒಯ್ಯುವ ಟೆಂಪೋದಲ್ಲಿ ಪೆನ್‌ಡ್ರೈವ್ ಕಳಿಸಿದೆ. ಗಿರಾಕಿಗಳ ಗದ್ದಲ ಇರಬಾರದೆಂದು ಅಂಗಡಿ ಮುಚ್ಚಿರುವ ವಾರದ ಸೂಟಿಯ ದಿನ ಆರಿಸಿಕೊಂಡೆವು.

ಬೆಳಿಗ್ಗೆ ಕಾಕಾ ಫೋನ್ ಮಾಡಿದರು. "ಯವ್ವಾ, ಬಂದೀನಿ ನೋಡು. ಶಟರ್ ಅರ್ಧಾ ಇಳಿಸೀನಿ, ಯಾರೂ ಬರಂಗಿಲ್ಲ."

"ನಾಷ್ಟಾ ಆತೇನ್ರಿ ಕಾಕಾ?"

"ಶುಗರಿನ ಗುಳಗಿ ತಗೊಂಡು ಹಂಗ ಬಂದೀನಿ. ಮುಗಿಸಿ ಮನಿಗೆ ಹೋಗಿ ಉಣ್ತೀನಿ."

ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡಲು ಹೇಳಿದೆ. ಮೊದಲನೆಯದು ಸಲೀಸಾಗಿ ಆಯಿತು. ಅವರ ಪರದೆ ನನ್ನ ಮುಂದೆ ಮೂಡಿದಾಗ ನಾನು ಇಲ್ಲಿಂದಲೇ ಬಾಣದ ಗುರುತನ್ನು ಓಡಾಡಿಸಿದೆ. "ಅಯ್ಯ ಶಿವನೇ, ತಾನಽ ಹೊಂಟದಲ್ಲೋ!" ಎಂದು ಕಾಕಾ ನಕ್ಕರು. ಎರಡನೆಯದೂ ಆಯಿತು. ಮೂರನೆಯದಕ್ಕೆ ತಡವಾಯಿತು. ಯಾವ ತೂತು ಎಂದು ಎರಡೆರಡು ಸಲ ಕೇಳಿದರು, ಮಾತು ತೊದಲಿದಂತಿತ್ತು. ಫೋನಿನ ಲೈನು ಸರಿ ಇಲ್ಲವೆಂದುಕೊಂಡೆ.

"ಈಗ ನಾಲ್ಕನೇದಕ್ಕ ಹಾಕ್ರಿ ಕಾಕಾ."

"ಹಾಕಾಕತ್ತೀನಿ," ಎಂದರು. ಕುರ್ಚಿ ಸರಿದ ಸಪ್ಪಳ. ಹಿಂದೆಯೇ ಏನೋ ಭಾರವಾದದ್ದು ಬಿತ್ತು.

"ಕಾಕಾ? ಏನ್ ಬಿತ್ರಿ?"

ಫ್ಯಾನಿನ ಗರಗರ ಮಾತ್ರ ಕೇಳುತ್ತಿತ್ತು. ಕೂಗಿದೆ, ಮತ್ತೆ ಕೂಗಿದೆ. ನನ್ನೆದುರು ಅವರ ಅಂಗಡಿಯ ಮೂರು ಪರದೆಗಳು ತೆರೆದಿದ್ದವು. ಏನು ಮಾಡಬೇಕೆಂದು ತಿಳಿಯದೆ, ಅದರ ಸಪ್ಪಳಕ್ಕೆ ಎಚ್ಚರವಾದರೂ ಆದೀತೆಂದು ಒಂದನ್ನು ಬಂದ್ ಮಾಡಿ ಚಾಲೂ ಮಾಡಿದೆ. ಅದು ‘ಟುಂಯ್’ ಎಂದದ್ದು ಫೋನಿನಲ್ಲಿ ನನಗೇ ಕೇಳಿಸಿತು. ಕಾಕಾನ ಸಪ್ಪಳವಿಲ್ಲ. ಇನ್ನೆರಡನ್ನೂ ಹಾಗೆಯೇ ಮಾಡಿದೆ. ಎದುರಿಗೆ ಬಂದದ್ದು ಪಾಸ್‌ವರ್ಡ್ ಕೇಳುವ ಮೂರು ನೀಲಿ ಪರದೆಗಳು.

ಬೇರೆಯವರಿಗೆ ಫೋನ್ ಮಾಡಬೇಕೆಂದರೆ ಈ ಫೋನು ಇಡಬೇಕು. ಅದು ನನ್ನಿಂದಾಗಲಿಲ್ಲ. ಅವರು ಒಂದು ವೇಳೆ ನರಳಿದರೆ ಕೇಳಿಸಿಕೊಳ್ಳುವವರು ಯಾರೂ ಇರುವುದಿಲ್ಲವಲ್ಲ ಎನಿಸಿತು. "ಕಾಕಾ, ಫೋನ್ ಇಡ್ತೀನ್ರಿ, ಯಾರರೇ ಬರ್ತಾರ, ಹೆದರಬ್ಯಾಡ್ರಿ," ಎಂದು ಆ ಫ್ಯಾನಿಗೆ ಹೇಳಿದಂತೆ ಹೇಳಿ ಫೋನ್ ಇಟ್ಟೆ.

ಮಾಲಕರು ಯಾರದೋ ಲಗ್ನದಲ್ಲಿದ್ದರು, ಎತ್ತಲಿಲ್ಲ. ಆ ಅಂಗಡಿಯ ಇನ್ನೊಬ್ಬ ನೌಕರನ ಫೋನು ಬಂದ್ ಇತ್ತು. ಕಾಕಾನ ಮನೆಯ ನಂಬರು ನನ್ನ ಹತ್ತಿರ ಇರಲಿಲ್ಲ. ಆಂಬ್ಯುಲೆನ್ಸಿನವರು ಗಾಡಿ ಹೊರಗೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದರು. ಕೊನೆಗೆ ಅಕ್ಕಲಕೋಟದ ಹತ್ತಿರದ ಕುರನೂರಿನ ಮಾಮಾನ ನೆನಪಾಯಿತು, ನನ್ನ ಅವ್ವನ ತಮ್ಮ. ಪುಣ್ಯಕ್ಕೆ ಅವನು ಅಕ್ಕಲಕೋಟದ ಬಜಾರದಲ್ಲೇ ಇದ್ದ. ಅಂಗಡಿ ಯಾವುದೆಂದು ಹೇಳಿದೆ. "ಹೊಂಟೆ," ಎಂದು ಬೈಕಿಗೆ ಕಿಕ್ ಹೊಡೆದ.

ಆಮೇಲೆ ನಾನು ಮಾಡುವಂಥದ್ದು ಏನೂ ಉಳಿಯಲಿಲ್ಲ. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಕಾಕಾನ ನಂಬರಿಗೆ ಮತ್ತೆ ಮತ್ತೆ ಹಚ್ಚಿದೆ. ಖಾಲಿ ಅಂಗಡಿಯಲ್ಲಿ ಅದು ಬಡಿದುಕೊಳ್ಳುವುದು ಕಣ್ಣಿಗೆ ಕಟ್ಟಿ ಫೋನ್ ಇಟ್ಟುಬಿಟ್ಟೆ.

ಮಾಮಾನ ಫೋನ್ ಬಂತು. "ಕೆಳಗ ಬಿದ್ದಾರವ್ವಾ. ಬೆವರಿಗೆ ಅಂಗಿ ಎಲ್ಲಾ ತೊಯ್ದದ. ಉಸರು ಅದ, ಮಾತಿಲ್ಲ."

"ಶುಗರ್ ಇಳದದ ಮಾಮಾ. ಏನೂ ತಿಂದಿಲ್ಲ. ಲಗೂನ ದವಾಖಾನಿಗೆ ಒಯ್ಯಿ."

ಮಾಮಾ ಎದುರಿನ ಚಹಾದಂಗಡಿಯವನನ್ನು ಕರೆದ, ಇಬ್ಬರೂ ಸೇರಿ ಕಾಕಾನನ್ನು ರಿಕ್ಷಾಕ್ಕೆ ಹಾಕಿದರು. ದವಾಖಾನೆಯಲ್ಲಿ ಗ್ಲುಕೋಸ್ ಏರಿಸಿದ ಮೇಲೆ ಕಾಕಾ ಕಣ್ಣು ತೆರೆದರು. ಮಾಮಾ ಅದನ್ನು ಫೋನಿನಲ್ಲಿ ಹೇಳಿದಾಗ ನಾನು ಕೂತಲ್ಲೇ ಅತ್ತೆ.

ಮರುದಿನ ಅಕ್ಕಲಕೋಟಕ್ಕೆ ಹೋದೆ. ಕಾಕಾ ದವಾಖಾನೆಯ ಕಾಟಿನ ಮೇಲೆ ಕೂತಿದ್ದರು. ಬಿದ್ದದ್ದು ಅವರಿಗೆ ನೆನಪಿರಲಿಲ್ಲ. ಹಣೆಯ ಮೇಲಿನ ಪಟ್ಟಿ ಮುಟ್ಟಿಕೊಳ್ಳುತ್ತ ಅವರು ಮೊದಲು ಕೇಳಿದ್ದು, "ನಾಲ್ಕನೇದು ಉಳೀತಲ್ಲಾ?"

"ಬೆಂಕಿ ಹಚ್ಚರಿ ನಿಮ್ಮ ನಾಲ್ಕನೇದಕ್ಕ," ಎಂದರು ಪಕ್ಕದಲ್ಲಿದ್ದ ಅವರ ಹೆಂಡತಿ, ಕಾಕು. ಡಬ್ಬಿ ಬಿಚ್ಚಿ ನನ್ನ ಕೈಗೂ ರೊಟ್ಟಿ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು, "ಅಂಗಡ್ಯಾಗಿಂದೆಲ್ಲಾ ಅಲ್ಲಿ ಕೂತು ನೋಡಬಹುದು ಅಂತಂದ್ರು ಇವ್ರು. ಹಂಗಾರ ಬಿದ್ದದ್ದು ಕಾಣಲಿಲ್ಲೇನವ್ವಾ ನಿನಗ?"

ಅದರಲ್ಲಿ ದೂರು ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಇಲ್ರಿ ಕಾಕೂ," ಎಂದೆ. "ಕಂಪ್ಯೂಟರಿನ ಒಳಗಿಂದು ಅಷ್ಟಽ ಕಾಣ್ತದ್ರಿ."

ಕಾಕು ತಲೆಯಾಡಿಸಿ, ಕಾಕಾನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಕಾಕಾ ಅದನ್ನು ಪೂರ್ತಿ ತಿನ್ನುವವರೆಗೂ ನಾವಿಬ್ಬರೂ ನೋಡುತ್ತ ಕೂತೆವು.