ಸೋಮವಾರದ ಇಪ್ಪತ್ತು ನಿಮಿಷ

ಅವರ ಬಲಗಿವಿಯ ಮುಂದೆ, ಕೆನ್ನೆ ಮುಗಿದು ಕಿವಿ ಶುರುವಾಗುವಲ್ಲಿ, ಎಂಟಾಣೆ ನಾಣ್ಯದಗಲದ ಒಂದು ಕಪ್ಪು ಗುರುತಿತ್ತು. ಹುಟ್ಟುಮಚ್ಚೆಯಲ್ಲ. ಎಂಜಿನ್ನಿನಲ್ಲಿ ಏನಾದರೂ ಸಪ್ಪಳ ಬಂದರೆ ಅವರು ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಆ ಜಾಗಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮೂವತ್ತು ವರ್ಷ ಹಾಗೆ ಒತ್ತಿಸಿಕೊಂಡ ಚರ್ಮದೊಳಗೆ ಎಣ್ಣೆ ಇಳಿದು ನಿಂತುಬಿಟ್ಟಿತ್ತು. ಹಬ್ಬದ ದಿನ ತಲೆಗೆ ಎರೆದುಕೊಂಡು ಬಿಳಿ ಅಂಗಿ ತೊಟ್ಟು ಬಂದರೂ ಆ ಗುರುತು ಇದ್ದೇ ಇರುತ್ತಿತ್ತು.

ಗಿಣಿಗೇರಾ ರಸ್ತೆಯಲ್ಲಿ ಅವರ ತಗಡಿನ ಶೆಡ್ಡು. ಬೋರ್ಡಿನ ಮೇಲೆ ಕಾರ್ಖಾನೆಗಳ ಕಪ್ಪು ಧೂಳು ಕೂತು ಅಕ್ಷರ ಕಾಣದಾಗಿ ಎಷ್ಟೋ ವರ್ಷವಾಗಿತ್ತು. ಅದನ್ನು ಒರೆಸುವ ಗೋಜಿಗೆ ಅವರು ಹೋಗಿರಲಿಲ್ಲ, ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಕೊಪ್ಪಳದಲ್ಲಿ ನಮಗೆಲ್ಲ ಅವರು ಬರೀ ಮಿಸ್ತ್ರಿ.

ನಾನು ಹೈಸ್ಕೂಲು ಮಾಸ್ತರ. ಐವತ್ತು ದಾಟಿದ ಮೇಲೆ ಹಳೆಯ ಕಾರೊಂದನ್ನು ಕೊಂಡವನು. ಮಕ್ಕಳಿಗೆ ಪ್ರಶ್ನೆ ಕೇಳಿ ಕೇಳಿ ರೂಢಿಯಾದ ಬಾಯಿ ಸುಮ್ಮನಿರದೆ ಮಿಸ್ತ್ರಿಯನ್ನೂ ಕೇಳುತ್ತಿತ್ತು. ಬೇಸಿಗೆಯಲ್ಲಿ ಚಕ್ರಕ್ಕೆ ಗಾಳಿ ಎಷ್ಟಿರಬೇಕು, ರೇಡಿಯೇಟರಿಗೆ ನಲ್ಲಿಯ ನೀರು ನಡೆಯುತ್ತದೆಯೋ ಇಲ್ಲವೋ, ಎಣ್ಣೆ ಕಪ್ಪಾದರೆ ಕೆಟ್ಟಿತೆಂದೇ ಲೆಕ್ಕವೋ. ಅವರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು. ಆದರೆ ಗಾಡಿ ಕೆಟ್ಟಿದೆ ಎಂದು ಯಾರು ಬಂದರೂ ಅವರು ಮೊದಲು ಕೇಳುವುದು ಒಂದೇ ಮಾತು, ಎಷ್ಟು ದಿನ ನಿಂತಿತ್ತು ಅಂತ.

"ಓಡಿ ಕೆಟ್ಟ ಗಾಡಿ ಕಮ್ಮಿ ಮಾಸ್ತರ್ರ. ನಿಂತು ಕೆಟ್ಟಿದ್ದ ಭಾಳ."

ಹೀಗೆ ಹೇಳುವಾಗ ನಡುವೆ ಎರಡು ಸಲ ಕೆಮ್ಮುತ್ತಿದ್ದರು. ಮೊದಮೊದಲು ಅದು ಬೀಡಿಯ ಕೆಮ್ಮು ಎಂದುಕೊಂಡಿದ್ದೆ, ಅವರು ಬೀಡಿ ಸೇದುವುದಿಲ್ಲವೆಂದು ಆಮೇಲೆ ತಿಳಿಯಿತು. ಒಂದು ದಿನ ನನ್ನ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದರು. ಬೊಗಸೆ ತುಂಬುವಷ್ಟು ಕರಿ ಪುಡಿ ಬಿತ್ತು. ಅದನ್ನು ಕಾಲಿನಿಂದ ಬದಿಗೆ ಸರಿಸಿ, ಗಾಡಿಯದನ್ನು ಬದಲಿಸಲು ಬರುತ್ತದೆ, ನನ್ನದನ್ನು ಬದಲಿಸಲು ಬರುವುದಿಲ್ಲ ಎಂದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ಎರಡು ವರ್ಷದ ಹಿಂದೆ ದೀಪಾವಳಿಗೆ ಮುಂಚೆ ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಮಂಡಿ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು. ಯುಗಾದಿಯವರೆಗೆ ಗಾಡಿ ಓಡಿಸುವಂತಿಲ್ಲ ಎಂದು ಡಾಕ್ಟರು ಹೇಳಿದರು. ಚಳಿಗಾಲ ಪೂರ್ತಿ ಕಾರು ಮನೆಯ ಮುಂದೆ ನಿಲ್ಲಬೇಕು ಎಂದಾಗ ಮಿಸ್ತ್ರಿ ತಾವಾಗಿಯೇ ಬಂದರು. ಟಾಕಿ ತುಂಬ ಪೆಟ್ರೋಲ್ ಹಾಕಿಸಿದರು, ಖಾಲಿ ಟಾಕಿಯಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದಂತೆ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಚ್ಚಿಕೊಂಡುಬಿಡುತ್ತದೆ ಎಂದು ಚಕ್ರಗಳಿಗೆ ಕಲ್ಲು ಕೊಟ್ಟರು. ಇಲಿ ಬಾರದಿರಲಿ ಎಂದು ತಂಬಾಕಿನ ಎಲೆಯನ್ನು ಅರಿವೆಯಲ್ಲಿ ಗಂಟು ಕಟ್ಟಿ ಬಾನೆಟ್ಟಿನೊಳಗೆ ನಾಲ್ಕು ಕಡೆ ಇಟ್ಟರು. ಕೊನೆಗೆ ನನ್ನ ಮಂಚದ ಹತ್ತಿರ ಬಂದು, ಪ್ರತಿ ಸೋಮವಾರ ಇಪ್ಪತ್ತು ನಿಮಿಷ ಚಾಲೂ ಇಡಬೇಕು, ಗಾಲಿ ಒಂದು ಸುತ್ತು ಮುಂದೆ ಒಂದು ಸುತ್ತು ಹಿಂದೆ ಸರಿಸಬೇಕು, ಅದೊಂದು ತಪ್ಪಬಾರದು ಎಂದರು.

ಆ ಹೊತ್ತಿಗೆ ಅವರು ನಾಲ್ಕು ಹೆಜ್ಜೆ ನಡೆದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಂತಾಗಿದ್ದರು. ಪುಪ್ಪಸದಲ್ಲಿ ಧೂಳು ಕೂತಿದೆ, ಹುಬ್ಬಳ್ಳಿಗೆ ಹೋಗಿ ತೋರಿಸಿ ಎಂದು ಇಲ್ಲಿಯ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಬಸ್ಸಿನ ಜನಸಂದಣಿಯಲ್ಲಿ ಅವರಿಗೆ ಉಸಿರು ಸಿಗುವುದಿಲ್ಲ. ಆಂಬುಲೆನ್ಸ್ ಎಂದರೆ ಆಗುವುದೇ ಇಲ್ಲ, ಅವರ ಅಣ್ಣ ಅದರಲ್ಲಿ ಹೋದವರು ತಿರುಗಿ ಬಂದಿರಲಿಲ್ಲ. ಬಾಡಿಗೆ ಕಾರಿನ ಮಾತೆತ್ತಿದರೆ, ತಾನು ಕಿವಿಕೊಟ್ಟು ಕೇಳದ ಗಾಡಿಯಲ್ಲಿ ಕೂರುವುದಿಲ್ಲ ಎಂದು ಹಟ. ಯುಗಾದಿ ಮುಗಿದ ಮರುದಿನ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

"ನಾ ಮಲಗಿಸಿದ ಗಾಡಿ ಐತಿ. ನಾನ ಎಬ್ಬಿಸಿ ಕುಂಡರ್ತೀನಿ," ಎಂದರು. ಮುಖ ಅರಳಿತ್ತು.

ಮೂರು ಸೋಮವಾರ ನಾನು ಕುಂಟುತ್ತ ಹೋಗಿ ಚಾಲೂ ಮಾಡಿದೆ. ನಾಲ್ಕನೆಯ ವಾರ ಮಂಡಿ ಮಡಚಿದರೆ ಜೀವ ಹೋಗುವಂತಾಯಿತು, ಬಿಟ್ಟೆ. ನನ್ನ ಹೆಂಡತಿಗೆ ಕೀಲಿ ಮುಟ್ಟಲೂ ಭಯ. ಐದನೆಯ ವಾರ ನೋವು ಅಷ್ಟಿರಲಿಲ್ಲ, ಆದರೂ ಏಳಲಿಲ್ಲ, ಆಮೇಲಿನ ವಾರಗಳಲ್ಲೂ ಅಷ್ಟೇ. ಅದು ಶುದ್ಧ ಸೋಮಾರಿತನ, ಬೇರೆ ಹೆಸರಿಲ್ಲ. ಪ್ರತಿ ಸೋಮವಾರ ಸಂಜೆ ಮಿಸ್ತ್ರಿ ತಪ್ಪದೆ ಫೋನ್ ಮಾಡಿ, "ಚಾಲೂ ಮಾಡಿದ್ರೇನ್ರಿ?" ಎಂದು ಕೇಳುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ಸುಳ್ಳು ಹೇಳಿದ ಹುಡುಗರ ಕಿವಿ ಹಿಂಡಿ ಹಿಂಡಿ ಸರ್ವೀಸು ಮುಗಿಸುತ್ತಿರುವ ಮನುಷ್ಯ ನಾನು.

ಸೋಮವಾರ ತಪ್ಪಿಸಿದ ನಮ್ಮ ಮನೆಯಲ್ಲಿ ಅಮಾವಾಸ್ಯೆ ಮಾತ್ರ ಒಂದೂ ತಪ್ಪಲಿಲ್ಲ. ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೆ ಪೂಜೆ ಮಾಡುತ್ತಾರೆ, ನಿಂತ ಗಾಡಿಯೆಂದು ಬಿಡಲಾಗುತ್ತದೆಯೇ? ಮೊದಲ ಅಮಾವಾಸ್ಯೆಯಂದು ಹೆಂಡತಿ ಕಾರು ತೊಳೆದು, ಎಂಜಿನ್ನಿಗೂ ಕುಂಕುಮ ಇಡಬೇಕೆಂದು ಬಾನೆಟ್ ತೆಗೆಸಿದಳು. ತಂಬಾಕಿನ ವಾಸನೆ ಮೂಗಿಗೆ ಬಡಿಯಿತು. ಪೂಜೆಯ ಜಾಗದಲ್ಲಿ ತಂಬಾಕು ಇರಬಾರದು ಎಂದಳು. ನನಗೂ ಅದು ಸರಿ ಎನಿಸಿತು. ನಾಲ್ಕೂ ಗಂಟು ತೆಗೆದು ಕಸದ ಬುಟ್ಟಿಗೆ ಎಸೆದವನು ನಾನೇ. ಆ ಜಾಗದಲ್ಲಿ ಊದಿನಕಡ್ಡಿ ಸಿಕ್ಕಿಸಿದೆವು, ಒಡೆದ ಕಾಯಿಯ ಹೋಳು, ಬಾಳೆಹಣ್ಣು, ಸಕ್ಕರೆ ಇಟ್ಟೆವು. ಆಮೇಲೆ ಪ್ರತಿ ಅಮಾವಾಸ್ಯೆಗೂ ಹಾಗೇ ಮಾಡಿದೆವು. ಇಟ್ಟ ನೈವೇದ್ಯ ಮರುದಿನ ಕಾಣುತ್ತಿರಲಿಲ್ಲ. ದೇವರಿಗೆ ಮುಟ್ಟಿತು ಎಂದು ಹೆಂಡತಿ ಕೈ ಮುಗಿಯುತ್ತಿದ್ದಳು.

ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ. ಬೆಳಿಗ್ಗೆ ಎಂಟರ ಹೊತ್ತಿಗೆ ಮಿಸ್ತ್ರಿಯ ಮನೆಯವರು ಫೋನ್ ಮಾಡಿದರು. ಉಸಿರು ಸಿಗುತ್ತಿಲ್ಲ, ಹಬ್ಬ ಮುಗಿಯುವವರೆಗೆ ಕಾಯುವಂತಿಲ್ಲ, ಹುಬ್ಬಳ್ಳಿಗೆ ಈಗಲೇ ಹೊರಡಬೇಕು, ಕಾರು ತನ್ನಿ ಎಂದರು. ನನ್ನ ಮಂಡಿ ಆಗ ಎಲ್ಲದಕ್ಕೂ ತಯಾರಿತ್ತು. ಓಡಿ ಹೋಗಿ ಕೀಲಿ ತಿರುವಿದೆ. ಟಕ್ ಎಂಬ ಸದ್ದೂ ಬರಲಿಲ್ಲ. ಬಾನೆಟ್ ಎತ್ತಿದರೆ ಇಲಿಗೂಡು. ಒಣಗಿದ ಚೆಂಡುಹೂವು, ಕೊಬ್ಬರಿ ಚೂರು, ಅದರ ಸುತ್ತ ತುಂಡು ತುಂಡಾಗಿ ಕಡಿದ ವೈರು. ಗೊತ್ತಿದ್ದ ಬಾಡಿಗೆ ಕಾರಿನವರಿಗೆಲ್ಲ ಫೋನ್ ಮಾಡಿದೆ. ಎಲ್ಲರೂ ಪೂಜೆಗೆಂದು ಗಾಡಿ ತೆಗೆದುಕೊಂಡು ಹುಲಿಗಿಯ ಗುಡಿಗೆ ಹೋಗಿದ್ದರು. ಕೊನೆಗೆ ಮಿಸ್ತ್ರಿಯ ಮನೆಯವರಿಗೆ, ಗಾಡಿ ಚಾಲೂ ಆಗುತ್ತಿಲ್ಲ, ಆಟೋದಲ್ಲಿ ಜಿಲ್ಲಾಸ್ಪತ್ರೆಗಾದರೂ ಕರೆದುಕೊಂಡು ಬನ್ನಿ ಎಂದೆ.

ಆಟೋ ದಾರಿಯಲ್ಲಿ ನಮ್ಮ ಮನೆಯ ಮುಂದೆ ನಿಂತಿತು. ನಿಲ್ಲಿಸಿದವರು ಮಿಸ್ತ್ರಿಯೇ. ತಮ್ಮ ಹೆಂಡತಿಯ ಹೆಗಲು ಹಿಡಿದು ಇಳಿದು, ತೆರೆದ ಬಾನೆಟ್ಟಿಗೆ ಎರಡೂ ಕೈ ಊರಿ ಒಳಗೆ ನೋಡಿದರು. ಗೂಡು ನೋಡಿದರು, ಕುಂಕುಮ ನೋಡಿದರು. ಒಂದು ಕೊಬ್ಬರಿ ಚೂರನ್ನು ಎತ್ತಿ ಪಕ್ಕಕ್ಕಿಟ್ಟರು. ಬ್ಯಾಟರಿಯ ಮೇಲೆ ಕೂತ ಬಿಳಿ ಹಿಟ್ಟನ್ನು ಬೆರಳಿನಿಂದ ತೀಡಿ ನೋಡಿದಾಗ, ತಿಂಗಳುಗಟ್ಟಲೆ ನಾನು ಹೇಳಿದ್ದು ಸುಳ್ಳೆಂದು ಅವರಿಗೆ ತಿಳಿಯಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಆಗವಲ್ದು ಅಂತ ಒಂದ್ ಮಾತು ಹೇಳಿದ್ರ, ನಾನ ಬಂದು ಮಾಡ್ತಿದ್ನೆಲ್ರಿ."

ಅಷ್ಟು ಹೇಳುವುದರೊಳಗೆ ಮೂರು ಸಲ ನಿಂತು ಉಸಿರೆಳೆದುಕೊಂಡರು. ಆಟೋ ಹತ್ತಿಸಿದೆವು.

ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಆಂಬುಲೆನ್ಸಿಗೂ ಅವರು ಹೂಂ ಎಂದರು. ಅಷ್ಟರಲ್ಲಿ ಡಾಕ್ಟರು, ಇನ್ನು ರಸ್ತೆಯ ದಣಿವು ತಡೆಯುವುದಿಲ್ಲ, ಇಲ್ಲೇ ಇರಲಿ ಎಂದರು. ಯುಗಾದಿಯ ಬೆಳಿಗ್ಗೆ ನಾನು ಮಂಚದ ಪಕ್ಕ ಕೂತಿದ್ದಾಗ ಮುಖದ ಮೇಲಿನ ಕೊಳವೆ ಸರಿಸಿ, ಕಡಿದ ವೈರು ಜೋಡಿಸಬೇಡಿ, ಹೊಸದೇ ಹಾಕಿಸಿ, ಜೋಡಿಸಿದರೆ ದಾರಿಯಲ್ಲಿ ಕೈ ಕೊಡುತ್ತದೆ ಎಂದರು. ನನಗೆ ಹೇಳಿದ ಕೊನೆಯ ಮಾತು ಅದೇ. ಮೂರನೆಯ ದಿನ ಹೋದರು. ನರ್ಸುಗಳು ಮೈ ಒರೆಸುವಾಗ ಏನು ಹಚ್ಚಿದ್ದರೋ, ಕಿವಿಯ ಮುಂದಿನ ಗುರುತು ಮಾಸಿ ಹೋಗಿತ್ತು. ಆ ಸ್ವಚ್ಛ ಕೆನ್ನೆ ಕಂಡು ಬೇರೆ ಯಾರದೋ ಹೆಣದ ಮುಂದೆ ನಿಂತಂತಾಗಿ ನನಗೆ ಅಳುವೂ ಬರಲಿಲ್ಲ.

ಹುಬ್ಬಳ್ಳಿಗೆ ಹೋಗಿದ್ದರೂ ಹೆಚ್ಚೆಂದರೆ ಕೆಲವು ತಿಂಗಳಷ್ಟೇ ಎಂದು ಡಾಕ್ಟರು ಆಮೇಲೆ ಹೇಳಿದರು. ನನ್ನ ಸಮಾಧಾನಕ್ಕೆ ಹೇಳಿದರೋ ನಿಜವೋ ತಿಳಿಯದು. ಆ ಕೆಲವು ತಿಂಗಳು ಅವರವು, ನನ್ನವಲ್ಲ.

ಹೊಸ ವೈರು ಹಾಕಿಸಿದೆ. ತಂಬಾಕಿನ ಗಂಟನ್ನೂ ಇಟ್ಟಿದ್ದೇನೆ, ಹೆಂಡತಿ ಅದಕ್ಕೂ ಕುಂಕುಮ ಹಚ್ಚುತ್ತಾಳೆ. ಶೆಡ್ಡಿನ ಬಾಗಿಲು ಮುಚ್ಚಿದೆ. ಆ ರಸ್ತೆಯ ಧೂಳು ಹಾಗೇ ಇದೆ, ಈಚೆಗೆ ನನಗೂ ಸಣ್ಣ ಕೆಮ್ಮು. ಎಲ್ಲಿಗೂ ಹೋಗುವುದಿಲ್ಲದಿದ್ದರೂ ಪ್ರತಿ ಸೋಮವಾರ ಕಾರಿನಲ್ಲಿ ಕೂತು ಕೀಲಿ ತಿರುವುತ್ತೇನೆ. ಮೊದಲ ಸಲಕ್ಕೇ ಚಾಲೂ ಆಗುತ್ತದೆ. ಇಪ್ಪತ್ತು ನಿಮಿಷ ಇಟ್ಟು, ಗಾಲಿ ಒಂದು ಸುತ್ತು ಮುಂದೆ, ಒಂದು ಸುತ್ತು ಹಿಂದೆ ಸರಿಸುತ್ತೇನೆ. ಸಂಜೆ ಫೋನ್ ಹತ್ತಿರ ಇಟ್ಟುಕೊಂಡಿರುತ್ತೇನೆ. ಹೌದ್ರಿ, ಮಾಡೀನಿ ಎಂದು ಈಗ ಸುಳ್ಳಿಲ್ಲದೆ ಹೇಳಬಲ್ಲೆ, ಕೇಳುವವರು ಮಾತ್ರ ಇಲ್ಲ.