ದೋಣಿ ಬರೆದ ಡಿಸ್ಕು

ಹೋದ ರವಿವಾರ ಕೊರಿಯರಿನಲ್ಲಿ ಬಂದ ಪೆಟ್ಟಿಗೆಯನ್ನು ನೀನು ನನ್ನ ಪಕ್ಕದಲ್ಲೇ ಕುಳಿತು ಬಿಚ್ಚಿದೆ. ಮೇಲಿನ ತೆಳು ಹಾಳೆ ಹರಿದ ಕೂಡಲೇ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂತು. ಒಳಗೆ ಒಂದು ಡಿಸ್ಕು. ಜಪಾನದವರು ಬರೆದು ಮಾಡಿದ ಗೊಂಬೆ ಸಿನೆಮಾ ಅದು, ನೀನು ಅನಿಮೆ ಎನ್ನುತ್ತೀಯಲ್ಲ, ಅದು. ನಿನ್ನ ತಮ್ಮ ನಗಾಡಿದ.

"ಅಕ್ಕಾ, ಇದು ಫೋನಿನಾಗ ಐತಲ್ಲ. ಮತ್ತ ಯಾಕ ತರಿಸಿದಿ? ಹಾಕಾಕ ಮನ್ಯಾಗ ಪ್ಲೇಯರ್ ಆದ್ರೂ ಐತೇನು?"

"ಇಲ್ಲದಿದ್ರ ಇಲ್ಲ. ನನಗ ಕೈಯಾಗ ಹಿಡಿಯಾಕ ಬೇಕು," ಅಂದೆ ನೀನು.

ಯಾರ ಮಾತು ಖರೆ ಎಂದು ಕೇಳುವವರಂತೆ ಇಬ್ಬರೂ ನನ್ನ ಮುಖ ನೋಡಿದಿರಿ. ಆ ವಾಸನೆ ನನ್ನನ್ನು ಆಗಲೇ ಇಳಕಲ್ಲಿನ ನಮ್ಮ ಹಳೆಯ ಓಣಿಗೆ, ಸೀಡಿ ಅಂಗಡಿಯ ಅಕ್ಕನ ಮನೆಗೆ ಒಯ್ದಿತ್ತು. ಬಾಯಿಂದ ಹೇಳಹೋದರೆ ನನಗೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆದು ಕೊಡುತ್ತಿದ್ದೇನೆ. ಮೊಮ್ಮಕ್ಕಳೇ, ಇಬ್ಬರೂ ಓದಿರಿ.

ಅಕ್ಕ ನಮ್ಮ ಸಂಬಂಧಿಕಳಲ್ಲ. ನಮ್ಮ ಮನೆಯಿಂದ ಮೂರನೆಯ ಬಾಗಿಲು ಆಕೆಯದು. ಗಂಡ ಬಿಟ್ಟುಹೋದ ಮೇಲೆ ಮುಂದಿನ ಖೋಲಿಯಲ್ಲೇ ಸೀಡಿ ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದಳು. ಆಗ ಓಣಿ ತುಂಬ ಮಗ್ಗದ ಸಪ್ಪಳ, ಆ ಸಪ್ಪಳದ ಮೇಲೆ ಆಕೆಯ ದನಿ. ಸೀಡಿಗೆ ಗೀರು ಬೀಳಿಸಿ ತಂದವರನ್ನು, "ಏನಪಾ, ಇದರ ಮ್ಯಾಲೆ ಉಳ್ಳಾಗಡ್ಡಿ ಹೆಚ್ಚಿದ್ರೇನು?" ಎಂದು ನಾಲ್ಕು ಮಂದಿಯ ಮುಂದೆ ಕೇಳುವವಳು. ಕೇಳಿಸಿಕೊಂಡವರೂ ನಗುತ್ತಿದ್ದರು. ಸಿಟ್ಟಿಲ್ಲದ ಬೈಗುಳ ಅದು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ. ನಿಮ್ಮ ಅವ್ವ ಆಗಿನ್ನೂ ಸಾಲಿಗೆ ಹೋಗುತ್ತಿದ್ದಳು. ಅವಳನ್ನು ಕಳಿಸಿ, ಲಾಳಿಯಲ್ಲಿ ಇಡುವ ಕಂಡಿಕೆಗೆ ನೂಲು ಸುತ್ತುತ್ತ ಕೂಡುವುದು, ಅಷ್ಟೇ ನನ್ನ ದಿನ. ಒಂದು ದಿನ ಅಕ್ಕ ಬಂದವಳೇ ನನ್ನ ರಾಟೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡೆದುಬಿಟ್ಟಳು.

"ರಾಟಿ ಬೇಕಾದ್ರ ನಮ್ಮ ಮನಿಗೆ ಬಾ, ಮೂಕವ್ವಾ. ಅಲ್ಲೇ ಕುಂತು ಸುತ್ತು."

ಮಾತು ಕಡಿಮೆಯೆಂದು ನನಗೆ ಆಕೆ ಇಟ್ಟ ಹೆಸರು ಅದು. ಹೋದೆ. ಆಮೇಲೆ ದಿನಾ ಮಧ್ಯಾಹ್ನ ಹೋದೆ. ನನ್ನಂತೆ ಇನ್ನೂ ಕೆಲವು ಹೆಂಗಸರು ತಮ್ಮ ತಮ್ಮ ರಾಟೆ ತಂದು ಕೂಡುತ್ತಿದ್ದರು.

ಅಕ್ಕನಿಗೆ ಒಬ್ಬಳೇ ಮಗಳು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಶನಿವಾರದ ಬಸ್ಸಿಗೆ ಊರಿಗೆ ಬರುವಳು. ಓಣಿಯ ತಿರುವಿನಲ್ಲೇ, ಮನೆ ಇನ್ನೂ ಕಾಣುವ ಮೊದಲೇ, ಕೂಗುವಳು:

"ಅವ್ವಾ, ಚಾ ಇಡು, ನಾ ಬಂದೇನಿ!"

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಗಂಡಸರೂ ಆ ಕೂಗು ಕೇಳಿ, ಶನಿವಾರ ಬಂತು ನೋಡು, ಎನ್ನುತ್ತಿದ್ದರು.

ಕಾಲೇಜಿನ ಹತ್ತಿರ ಒಂದು ಅಂಗಡಿಯಲ್ಲಿ ಜಪಾನದ ಗೊಂಬೆ ಸಿನೆಮಾಗಳು ಸಿಗುತ್ತಿದ್ದವಂತೆ. ಊಟದ ದುಡ್ಡಿನಲ್ಲಿ ಉಳಿಸಿ ಆಕೆ ಒಂದೊಂದೇ ಕೊಂಡು ತರುವಳು. ತಂದದ್ದನ್ನು ಬಾಡಿಗೆಗೆ ಕೊಡಲು ಬಿಡುತ್ತಿರಲಿಲ್ಲ. ಅವ್ವನ ಪಕ್ಕ ಕುಳಿತು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಕನ್ನಡದಲ್ಲಿ ಹೇಳುವಳು. ಅದರಲ್ಲಿ ಒಂದು ಚಿತ್ರ ಆಕೆಗೆ ಎಲ್ಲಕ್ಕಿಂತ ಹೆಚ್ಚು. ದೋಣಿ ನಡೆಸುವ ಹುಡುಗಿಯ ಕತೆ. ಹೊಳೆ ಹಿಮಗಟ್ಟುವ ಮೊದಲು ಆಚೆ ದಂಡೆಯಲ್ಲಿರುವ ತಾಯಿಯ ಮನೆ ಸೇರಬೇಕು, ಆದರೆ ದಾಟಿಸು ಎಂದು ದಾರಿಯುದ್ದಕ್ಕೂ ಯಾರೋ ಒಬ್ಬರು ದೋಣಿ ಹತ್ತುತ್ತಲೇ ಇರುತ್ತಾರೆ. ಆ ಡಿಸ್ಕಿನ ಬಿಳಿ ಮೈಮೇಲೆ ಮಗಳು ಹಸಿರು ಪೆನ್ನಿನಿಂದ ಒಂದು ಸಣ್ಣ ದೋಣಿ ಬರೆದಿದ್ದಳು. ಹುಟ್ಟು ಮಾತ್ರ ದೋಣಿಗಿಂತ ದೊಡ್ಡದಾಗಿಬಿಟ್ಟಿತ್ತು.

ಒಂದು ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂತು. ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ಅಲ್ಲಿಂದ ಮರಳಿ ಬರಲಿಲ್ಲ… ಇದರ ಬಗ್ಗೆ ಹೆಚ್ಚು ಬರೆಯಲಾರೆ.

ಅಂಗಡಿ ಕೆಲವು ದಿನ ಮುಚ್ಚಿತ್ತು. ತೆರೆದ ದಿನ ಅಕ್ಕ ನಮ್ಮನ್ನೆಲ್ಲ ಕರೆದು, ಮಗಳ ಡಿಸ್ಕನ್ನು ಸೆರಗಿನಿಂದ ಒರೆಸಿ, ಪ್ಲೇಯರಿಗೆ ಹಾಕಿದಳು. ಇಂಗ್ಲಿಷ್ ಓದಲು ಯಾರಿಗೂ ಬಾರದು. ಅಕ್ಕನೇ ಮಾತು ಕೊಟ್ಟಳು. ಮಗಳು ಹೇಳಿದ್ದು ಎಷ್ಟು, ತಾನೇ ಸೇರಿಸಿದ್ದು ಎಷ್ಟು, ನಮಗೆ ತಿಳಿಯುತ್ತಿರಲಿಲ್ಲ. ಟೊಪ್ಪಿಗೆ ಹಾಕಿದ ಸಾಹುಕಾರ ದೋಣಿಯಲ್ಲಿ ಎದ್ದು ನಿಂತರೆ, "ಏ ಟೊಪ್ಪಿಗಿ ಮಾಮಾ, ನೆಟ್ಟಗ ಕುಂಡ್ರು, ಇದು ನಿಮ್ಮಪ್ಪನ ದೋಣಿ ಅಲ್ಲ!" ಎಂದು ಹುಡುಗಿಯ ದನಿಯಲ್ಲಿ ಗದರುವಳು.

"ಅಕ್ಕಾ, ಜಪಾನದಾಗೂ ಹಿಂಗ ಬೈತಾರೇನು?" ಎಂದು ಯಾರೋ ಕೇಳಿದರು.

"ಬೈಲಾರದ ಇರ್ತಾರೇನು? ನಾವು ನೆಟ್ಟಗ ನಿಂತು ಬೈತೀವಿ, ಅವರು ಬಗ್ಗಿ ಬೈತಾರ."

ನಾವು ನಕ್ಕು ನಕ್ಕು ಎಳೆ ಹರಿದುಕೊಂಡೆವು. ಆದರೆ ಕಡೆಗೆ ಹುಡುಗಿ ದಂಡೆ ಮುಟ್ಟಿ, ಹಗ್ಗ ಕಟ್ಟಿ, ತಾಯಿಯ ಬಾಗಿಲ ಮುಂದೆ ನಿಂತಾಗ ಅಕ್ಕನ ದನಿ ಸಣ್ಣದಾಯಿತು.

"ಅವ್ವಾ, ಚಾ ಇಡು, ನಾ ಬಂದೇನಿ."

ರಾಟೆಗಳೆಲ್ಲ ನಿಂತವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹುಡುಗಿ ಖರೆ ಹಾಗೇ ಅನ್ನುತ್ತಾಳೋ ಏನೋ ಎಂದು ಕೇಳುವ ಧೈರ್ಯವೂ ಯಾರಿಗೂ ಆಗಲಿಲ್ಲ. ಆಮೇಲೆ ಶನಿವಾರ ಬಂದರೆ ಅದೇ ಚಿತ್ರ. ನಾವು ಬೇಸರ ಮಾಡಿಕೊಳ್ಳಲಿಲ್ಲ.

ಬಾದಾಮಿಯಲ್ಲಿ ಅಕ್ಕನ ತಮ್ಮ ಇದ್ದ, ಕಂಪ್ಯೂಟರ್ ರಿಪೇರಿ ಮಾಡುವವನು. ಒಳ್ಳೆಯ ಮನುಷ್ಯ. ಒಂದು ಸಲ ಬಂದು ಅಂಗಡಿಗೆ ಹಳೆಯ ಕಂಪ್ಯೂಟರೊಂದನ್ನು ಕೂಡಿಸಿ, ಇದ್ದ ಡಿಸ್ಕುಗಳನ್ನೆಲ್ಲ ಅದರೊಳಗೆ ತುಂಬಿದ.

"ಇನ್ನ ಈ ತಾಟುಗೋಳು ಯಾಕಕ್ಕಾ? ಗೀರು ಬೀಳಂಗಿಲ್ಲ, ಧೂಳ ಹತ್ತಂಗಿಲ್ಲ. ಬೇಕಾದಾಗ ಒತ್ತು, ನೋಡು. ಗಿರಾಕಿಗೆ ಪೆನ್ ಡ್ರೈವಿನಾಗ ಹಾಕಿ ಕೊಡು."

ಅದೇ ಹೊತ್ತಿಗೆ ಗುಡೂರಿನ ಬೀಗರು, ಅಂದರೆ ತಮ್ಮನ ಹೆಂಡತಿಯ ತವರಿನವರು, ಹಳೆಯ ಸೀಡಿ ಕೇಳಿದ್ದರು. ದಾಳಿಂಬೆ ತೋಟದಲ್ಲಿ ಕಟ್ಟಿದರೆ ಬಿಸಿಲಿಗೆ ಮಿಂಚುತ್ತವೆ, ಗಿಳಿಗಳು ಹೆದರಿ ಹತ್ತಿರ ಬರುವುದಿಲ್ಲ. ಅಕ್ಕ ಬುಟ್ಟಿಗೆ ಹಾಕುತ್ತ ಹೋದಳು. ದೋಣಿಯ ಡಿಸ್ಕು ಕೈಗೆ ಬಂದಾಗ ನಿಂತಳು.

"ಇದೂ ಒಳಗ ಐತೇನು?"

"ಐತಿ."

"ಇನ್ನೊಮ್ಮಿ ತೋರಸು."

ತಮ್ಮ ತೋರಿಸಿದ. ಪರದೆಯ ಮೇಲೆ ಹುಡುಗಿ, ಹೊಳೆ, ಬಾಗಿಲು, ಎಲ್ಲ ಸ್ವಚ್ಛ. ಡಿಸ್ಕಿನಲ್ಲಿ ಇದ್ದುದಕ್ಕಿಂತಲೂ ಸ್ವಚ್ಛ ಅನ್ನಿಸಿತು. ಅಕ್ಕ ಅದನ್ನು ಬುಟ್ಟಿಗೆ ಹಾಕಿದಳು, ತೆಗೆದಳು. ಮನೆಯಲ್ಲಿ ಕಣ್ಣ ಮುಂದೆ ಇದ್ದರೆ ಸಂಕಟ ಎಂದಳೋ, ಮಗಳ ದೋಣಿಯಾದರೂ ನಾಲ್ಕು ಗಿಡ ಕಾಯಲಿ ಎಂದಳೋ… ಎರಡನ್ನೂ ಅಂದಿರಬೇಕು. ಕಡೆಗೆ ಹಾಕಿಬಿಟ್ಟಳು. ನಮ್ಮ ಮನೆಗಳಲ್ಲಿ ಹಳೆಯ ಸೀರೆಯ ಅಂಚಿನ ತುಂಡನ್ನು ಅದನ್ನು ನೋಡಿ ಹೊಸ ಸೀರೆ ನೆಯ್ದ ಮೇಲೂ ಯಾರೂ ಎಸೆಯುವುದಿಲ್ಲ, ಪೆಟ್ಟಿಗೆಯಲ್ಲಿ ಇಟ್ಟೇ ಇರುತ್ತಾರೆ. ಅಂದು ಆಕೆಗಾಗಲಿ ನಮಗಾಗಲಿ ಅದು ನೆನಪಾಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗುಡುಗು ಬಂತು. ಸಿಡಿಲು ಎಲ್ಲಿ ಬಿತ್ತೋ, ನಮ್ಮ ಓಣಿಯ ಬಲ್ಬುಗಳೆಲ್ಲ ಒಮ್ಮೆ ಬೆಳ್ಳಗೆ ಉರಿದು ಆರಿದವು. ಅಕ್ಕನ ಕಂಪ್ಯೂಟರಿನಿಂದ ಸುಟ್ಟ ವಾಸನೆ. ತಮ್ಮ ಬಾದಾಮಿಯಿಂದ ಓಡಿ ಬಂದ, ಒಳಗಿನ ಡಬ್ಬಿ ಬಿಚ್ಚಿ ಒಯ್ದು ಹುಬ್ಬಳ್ಳಿಯಲ್ಲೂ ತೋರಿಸಿದ. ಮರಳಿ ಬಂದು ಬಾಗಿಲಲ್ಲೇ ನಿಂತ.

"ಅಕ್ಕಾ, ಏನೂ ಉಳದಿಲ್ಲ."

ಆಕೆ ಅವನನ್ನು ಒಂದು ಮಾತೂ ಬೈಯಲಿಲ್ಲ. ಯಾವಾಗಲೂ ಬೈಯುವವಳು ಬೈಯದೆ ಕುಳಿತಿದ್ದು ನನಗೆ ಇನ್ನೂ ಕಣ್ಣ ಮುಂದಿದೆ.

ಮರುದಿನ ಬೆಳಿಗ್ಗೆ, "ಮೂಕವ್ವಾ, ನಡಿ ಗುಡೂರಿಗೆ," ಎಂದಳು. ಬಸ್ಸು ಹಿಡಿದು ಹೊರಟೆವು. ತೋಟದ ಹತ್ತಿರ ಬರುತ್ತಲೇ ದೂರದಿಂದ ಮಿಂಚು ಕಂಡಿತು. ಗಿಡಗಳ ಮೇಲೆ ಎಳೆದ ದಾರದಲ್ಲಿ ಡಿಸ್ಕುಗಳು ತಿರುಗುತ್ತಿದ್ದವು. ಬೀಗರ ಮುದುಕಿ ಕೋಲು ಹಿಡಿದು ಕುಳಿತಿದ್ದಳು.

"ಸೀಡಿ ಒಯ್ಯಾಕ ಬಂದ್ರೇನು? ತಡಾ ಮಾಡಿದ್ರಿ. ನಮ್ಮ ಗಿಳಿಗೋಳು ಎಲ್ಲಾ ಸಿನೆಮಾ ನೋಡಿ ಮುಗಿಸ್ಯಾವು!" ಎಂದು ನಕ್ಕಳು. ಅಕ್ಕನ ಮುಖ ನೋಡಿದ ಕೂಡಲೇ ತಾನೂ ಎದ್ದು ನಮ್ಮ ಜೊತೆ ಹುಡುಕತೊಡಗಿದಳು.

ಸಿಕ್ಕಿತು. ತೋಟದ ಕೊನೆಯ ಸಾಲಿನಲ್ಲಿ, ಮುಳ್ಳಿನ ಟೊಂಗೆಗೆ ಉಜ್ಜುತ್ತ ತೂಗುತ್ತಿತ್ತು. ಬೆಳ್ಳಿಯ ಬಣ್ಣ ಹಕ್ಕಳೆ ಎದ್ದು ಉದುರಿತ್ತು. ಕೆಲವು ಕಡೆ ಆಚೆಗಿನ ಆಕಾಶವೇ ಕಾಣುತ್ತಿತ್ತು. ದೋಣಿ ಬಿಸಿಲಿಗೆ ಅಳಿಸಿಹೋಗಿ, ಆ ದೊಡ್ಡ ಹುಟ್ಟಿನ ಒಂದು ಗೆರೆ ಮಾತ್ರ ತಿಳಿಯಾಗಿ ಉಳಿದಿತ್ತು. ಅಕ್ಕ ದಾರವನ್ನು ಹಲ್ಲಿನಿಂದ ಹರಿದಳು.

ಮನೆಗೆ ಬಂದು ಸೆರಗಿನಿಂದ ಒರೆಸಿ ಪ್ಲೇಯರಿಗೆ ಹಾಕಿದಳು. ಅದು ತಿರುಗಿತು, ಕರಕರ ಎಂದಿತು, ನಿಂತಿತು. ಟೀವಿಯ ಮೇಲೆ ನೋ ಡಿಸ್ಕ್ ಎಂದು ಬಂತು. ಪ್ರತಿದಿನ ನೋಡುತ್ತಿದ್ದುದರಿಂದ ಅಷ್ಟು ಇಂಗ್ಲಿಷ್ ಆಕೆಗೆ ಗೊತ್ತಿತ್ತು.

"ಕೈಯಾರ ಹಾಕೇನಿ, ಇಲ್ಲಂತೈತಿ ನೋಡು," ಎಂದಳು.

ತಮ್ಮ ವಿದ್ಯಾಗಿರಿಗೆ ಹೋಗಿ ಆ ಅಂಗಡಿ ಹುಡುಕಿದ. ಅದು ಎದ್ದುಹೋಗಿತ್ತು. ಚಿತ್ರದ ಹೆಸರೂ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಇರಲಿಲ್ಲ. ಅಕ್ಕ ಆ ಡಿಸ್ಕನ್ನು ಮಗಳ ಫೋಟೋದ ಮೊಳೆಗೇ ತೂಗುಹಾಕಿದಳು. ಮಧ್ಯಾಹ್ನ ನಾವು ರಾಟೆ ತೆಗೆದುಕೊಂಡು ಹೋದರೆ ಟೀವಿ ಆರಿಯೇ ಇರುತ್ತಿತ್ತು. ಒಂದು ಶನಿವಾರ ನಮ್ಮಲ್ಲೊಬ್ಬಳು, "ಅಕ್ಕಾ, ಹಂಗ ಬಾಯಿಲೇ ಹೇಳು," ಎಂದಳು. ಅಕ್ಕ ಶುರು ಮಾಡಿದಳು. ಟೊಪ್ಪಿಗೆ ಮಾಮನವರೆಗೆ ಬಂದಳು. ಆಮೇಲೆ, "ಮುಖಾ ಕಾಣವಲ್ದು," ಎಂದು ನಿಲ್ಲಿಸಿದಳು. ಯಾರ ಮುಖ ಎಂದು ನಾವು ಕೇಳಲಿಲ್ಲ…

ವರ್ಷದೊಳಗೆ ಅಂಗಡಿ ಮುಚ್ಚಿ ತಮ್ಮನ ಮನೆಗೆ, ಬಾದಾಮಿಗೆ ಹೋದಳು. ಹೋಗುವಾಗ ಡಿಸ್ಕನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಒಯ್ದಳು. ಕೆಲವು ವರ್ಷದ ಮೇಲೆ ಆಕೆ ತೀರಿದ ಸುದ್ದಿ ಯಾರೋ ಹೇಳಿದರು. ಆ ಡಿಸ್ಕು ಏನಾಯಿತೋ ತಿಳಿಯದು.

ಇಷ್ಟನ್ನು ಮೊನ್ನೆ ನಾನು ತುಂಡುತುಂಡಾಗಿ ಹೇಳಿದಾಗ ನೀನು, "ಅಜ್ಜಿ, ತಡಿ ತಡಿ," ಎಂದು ಫೋನಿನಲ್ಲಿ ಹುಡುಕತೊಡಗಿದೆ. ದೋಣಿ, ಹುಡುಗಿ, ಹಿಮ ಎಂದು ಏನೇನೋ ಬರೆದೆ. ಚಾ ಆರುವುದರೊಳಗೆ ಸಿಕ್ಕಿತು. ಅದೇ ಹೊಳೆ, ಅದೇ ಟೊಪ್ಪಿಗೆ. "ನೋಡ್ದಿ? ಎಲ್ಲಿ ಹೋಗ್ತೈತಿ, ಫೋನಿನಾಗ ಎಲ್ಲಾ ಐತಿ," ಎಂದ ನಿನ್ನ ತಮ್ಮ. ಹೌದಪ್ಪಾ ಎಂದೆ. ಅಕ್ಕ ಇದ್ದಾಗ ಇದು ಇದ್ದಿದ್ದರೆ ಎನ್ನಿಸಿತು.

ನೀನು ಅಕ್ಷರ ಓದಿ ಓದಿ ಹೇಳಿದೆ. ಹುಡುಗಿ ಸಾಹುಕಾರನಿಗೆ, ದಯವಿಟ್ಟು ಕುಳಿತುಕೊಳ್ಳಿ, ಎನ್ನುತ್ತಾಳಂತೆ. ಬೈಯುವುದೇ ಇಲ್ಲವಂತೆ. ಕಡೆಗೆ ದಂಡೆ ಬಂತು. ಹುಡುಗಿ ಹಗ್ಗ ಕಟ್ಟಿದಳು, ಬಾಗಿಲ ಮುಂದೆ ನಿಂತಳು. ಬಾಗಿಲು ತೆರೆಯಿತು, ಚಿತ್ರ ಮುಗಿಯಿತು.

"ಏನಂದಳು?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ ಅಜ್ಜಿ. ಬರೇ ನೀರಿನ ಸಪ್ಪಳ."

ಇನ್ನೊಮ್ಮೆ ಹಾಕು ಎಂದೆ. ನೀನು ಹಾಕಿದೆ. ಹಗ್ಗ, ಮೆಟ್ಟಿಲು, ಬಾಗಿಲು. ನೀರಿನ ಸಪ್ಪಳ. ನೀವಿಬ್ಬರೂ ನನ್ನ ಕಡೆ ನೋಡುತ್ತಿದ್ದಿರಿ. ಆ ಜಾಗದಲ್ಲಿ ಬರಬೇಕಾದ ಮಾತು ನನಗೆ ಗೊತ್ತಿತ್ತು, ಬಾಯಿಯವರೆಗೂ ಬಂತು. ಆದರೆ ಅದನ್ನು ಕೂಗುವ ದನಿ ನನ್ನದಲ್ಲ. ಎದ್ದು ಒಳಗೆ ಹೋಗಿ ಚಾ ಇಟ್ಟೆ.