ದೆವ್ವದ ಕಾಲುಂಗುರ

ನಸುಕಿನ ನಾಲ್ಕೂಮುಕ್ಕಾಲು ಗಂಟೆ. ಹಳೆ ನಾಸಿಕದ ಇಕ್ಕಟ್ಟು ಓಣಿಯ ಕೊನೆಗಿರುವ ಪಾಳು ವಾಡೆಯ ಜಗುಲಿಯ ಮೇಲೆ ಸುಶೀಲಾಬಾಯಿ ಪಾದರಕ್ಷೆಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಒಟ್ಟು ಹತ್ತೊಂಬತ್ತು ಜೊತೆ. ಕೊಲ್ಹಾಪುರಿ ಚಪ್ಪಲಿ, ಹವಾಯಿ ಚಪ್ಪಲಿ, ಮರದ ಹಾವುಗೆ, ಎತ್ತರದ ಸ್ಯಾಂಡಲ್, ಕೊನೆಗೆ ಹಿಮ್ಮಡಿ ಒಂದೇ ಕಡೆ ಸವೆದ ಕಾರ್ಖಾನೆಯ ಬೂಟು. ಅಂಗಳದ ಮೂಲೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ತಂತಿ ಬಿಡಿಸುತ್ತ ಕೂತಿರುವವರು ಧ್ವನಿ ಎಂಜಿನಿಯರ್ ಪ್ರಣವ್. ಪಕ್ಕದ ಓಝರಿನ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಬೆಳೆದ ಇಪ್ಪತ್ತಾರರ ಯುವಕ. ಮನೆಮಾತು ಕನ್ನಡವೇ ಆದರೂ ಬಾಯಿಗೆ ಬರುವುದು ಅರ್ಧ ಮರಾಠಿ. ಸುಶೀಲಾಬಾಯಿಯನ್ನು ಎಲ್ಲರಂತೆ ಇವರೂ ಕರೆಯುವುದು ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು.

“ಮಾವಶಿ, ಪಹಿಲೆ ಯಾರ್ದು ಮಾಡೋಣ?”

“ಮುದಕಪ್ಪಂದು ಮುಗಸೋಣ. ಹಾವುಗಿ ಕಾಲಿಗಿ ಒತ್ತತಾವ, ಆಮ್ಯಾಲ ಆದ್ರ ನಡೀಲಾಕ ಆಗಲ್ಲ.”

ಹಾವುಗೆ ಮೆಟ್ಟಿ, ಕೈಗೊಂದು ಕೋಲು ಹಿಡಿದು ಅವರು ಕಲ್ಲುಹಾಸಿನ ಮೇಲೆ ನಡೆಯುತ್ತಾರೆ. ನನ್ನ ಕಣ್ಣೆದುರು ಇರುವುದು ಐವತ್ತನಾಲ್ಕರ ಹೆಂಗಸು. ಕಣ್ಣು ಮುಚ್ಚಿದರೆ ಮಂಡಿ ಹಿಡಿದ ಎಂಬತ್ತರ ಜಮೀನ್ದಾರ ದೇವರಮನೆಗೆ ಹೋಗುತ್ತಿದ್ದಾನೆ. ಬಳಿಕ ಆಳುಮಗ ಓಡುತ್ತಾನೆ, ಅಡುಗೆಯವಳು ಕೊಡ ಹೊತ್ತು ಬರುತ್ತಾಳೆ, ಊರ ವಕೀಲ ಕಿರ್ರೆನ್ನುವ ಹೊಸ ಜೋಡು ಮೆಟ್ಟಿ ಸುಳ್ಳು ಹೇಳಲು ಬರುತ್ತಾನೆ. ಒಟ್ಟು ಏಳು ಪಾತ್ರ, ಎಲ್ಲವೂ ಸುಶೀಲಾಬಾಯಿಯೇ. ಆರು ಗಂಟೆಗೆ ಹಾಲಿನ ಟೆಂಪೊ ಓಣಿಗೆ ನುಗ್ಗಿದರೆ ರೆಕಾರ್ಡಿಂಗ್ ಕೆಟ್ಟಿತು, ಅಷ್ಟರೊಳಗೆ ಎಲ್ಲ ಮುಗಿಯಬೇಕು. ಈ ಮುಂಜಾನೆಯ ಲೆಕ್ಕ ಆರುನೂರ ನಲವತ್ತು ಹೆಜ್ಜೆ ಎನ್ನುತ್ತಾರೆ ಪ್ರಣವ್.

ಒಂಬತ್ತು ಗಂಟೆಗೆ ಇದೇ ಸುಶೀಲಾಬಾಯಿ ಗಂಗಾಪುರ ರಸ್ತೆಯ ಸ್ಟುಡಿಯೊದಲ್ಲಿ ಎರಡು ಮಹಡಿ ಗುಡಿಸಿ ಒರೆಸುತ್ತಾರೆ. ಹಾಜರಿ ಪುಸ್ತಕದ ಪ್ರಕಾರ ಅವರು ಮಾಡುವ ಕೆಲಸ ಅದೊಂದೇ.

ಈ ಹೆಜ್ಜೆಗಳೆಲ್ಲ ಹೋಗಿ ಸೇರುವುದು ಆ ಸ್ಟುಡಿಯೊ ತಯಾರಿಸುವ ಒಂದು ಕಂಪ್ಯೂಟರ್ ಆಟವನ್ನು. ಹೆಸರು ‘ತಿಸರಾ ಚೌಕ್’, ಅಂದರೆ ಮೂರನೆಯ ಅಂಗಳ. 2012ರಲ್ಲಿ ಹೊರಬಂತು, ಎರಡು ವರ್ಷದಲ್ಲಿ ಹೊರದೇಶಗಳಿಗೂ ಹೋಯಿತು. ಈಗ ಎರಡನೆಯ ಭಾಗ ತಯಾರಾಗುತ್ತಿದೆ. ಆಡುವವನು ಪತ್ತೇದಾರ. ದೆವ್ವವಿದೆ ಎಂದು ಊರೆಲ್ಲ ಬಾಗಿಲು ಹಾಕಿಕೊಳ್ಳುವ ವಾಡೆಯೊಂದರಲ್ಲಿ ಮೂರು ಕೊಲೆ ನಡೆದಿವೆ. ಕೈಯಲ್ಲಿ ಒಂದು ಕಂದೀಲು, ಅದರ ಬೆಳಕು ಎರಡು ಮಾರು ದಾಟುವುದಿಲ್ಲ. ಹಾಗಾಗಿ ಕಣ್ಣನ್ನು ನಂಬಿ ಉಪಯೋಗವಿಲ್ಲ, ಕಿವಿಯನ್ನೇ ನಂಬಬೇಕು. ಮಾಳಿಗೆಯ ಮೇಲೆ ನಡೆದವರು ಯಾರು, ಬಾವಿಯ ಕಡೆ ಓಡಿದವರು ಯಾರು ಎಂದು ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿಯಬೇಕು. ನಾನೂ ಆಡಿದೆ. ತಲೆ ನೆರೆತ ಮೇಲೆ ಹಟ್ಟಹಗಲು ಕಿಟಕಿ ತೆರೆದಿಟ್ಟುಕೊಂಡು ಬೆವರಿದೆ ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಡದವರು ಕ್ಷಮಿಸಬೇಕು, ಕೊಲೆ ಮಾಡಿದವರು ಯಾರೆಂದು ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಹೇಳದೆ ಈ ಅನ್ಯಾಯವನ್ನು ಹೇಳಲಾಗುವುದಿಲ್ಲ.

ವಾಡೆಯ ಕಿರಿಯ ಸೊಸೆ ವಿಧವೆ. ಬಾವಿಗೆ ಬಿದ್ದು ಸತ್ತು ದೆವ್ವವಾಗಿದ್ದಾಳೆ ಎಂದು ಎಲ್ಲರೂ ನಂಬಿದ್ದಾರೆ. ಪ್ರತಿ ಕೊಲೆಗೂ ಮುಂಚೆ ಮೂರನೆಯ ಅಂಗಳದಲ್ಲಿ ಅವಳ ಬರಿಗಾಲ ಹೆಜ್ಜೆ ಕೇಳುತ್ತದೆ. ಆ ಹೆಜ್ಜೆಯ ಜೊತೆಗೆ ಕಲ್ಲಿಗೆ ಏನೋ ತಗುಲಿದ ಸಣ್ಣ ‘ಟಿಕ್’ ಇದೆ. ಆಟದ ಹತ್ತು ತಾಸೂ ಅದು ಕಿವಿಗೆ ಬೀಳುತ್ತಲೇ ಇರುತ್ತದೆ, ಯಾರೂ ಗಮನ ಕೊಡುವುದಿಲ್ಲ. ಅದು ಕಾಲುಂಗುರ. ಗಂಡ ಸತ್ತವಳು ಕಾಲುಂಗುರ ತೆಗೆದಿಟ್ಟಿರುತ್ತಾಳೆ. ಹಾಗಾದರೆ ನಡೆಯುತ್ತಿರುವುದು ಸತ್ತ ಕಿರಿಯ ಸೊಸೆಯಲ್ಲ, ಬದುಕಿರುವ ಹಿರಿಯ ಸೊಸೆ! ಇದು ಹೊಳೆದಾಗ ಆಡುವವನ ಮೈ ಜುಮ್ಮೆನ್ನುತ್ತದೆ. ಆಟವನ್ನು ಹೊಗಳಿದವರೆಲ್ಲ ಹೊಗಳಿದ್ದು ಈ ಒಂದು ಸುಳಿವನ್ನು.

ಆಟದ ನಿರ್ದೇಶಕ ಅವಿನಾಶ್. ಇವರೂ ಓಝರಿನ ಕನ್ನಡ ಮನೆಯವರೇ. ಪುಣೆಯ ಸಮಾರಂಭವೊಂದರಲ್ಲಿ ಪ್ರಶಸ್ತಿ ಹಿಡಿದುಕೊಂಡು ಅವರು ಹೇಳಿದ ಮಾತಿನ ವಿಡಿಯೊ ನೋಡಿದ್ದೇನೆ: “ಒಂದು ದಿನ ಸ್ನಾನ ಮಾಡುವಾಗ ಈ ಸುಳಿವು ಥಟ್ಟನೆ ಹೊಳೆಯಿತು.”

ಸ್ನಾನದ ಮನೆಯಲ್ಲಿ ಹೊಳೆಯಿತಂತೆ! ನಿಜವಾಗಿ ಅದು ಹೊಳೆದದ್ದು ಎಲ್ಲಿ, ಯಾರಿಗೆ ಎಂದು ಪ್ರಣವ್ ಬಾಯಿಂದಲೇ ಕೇಳಿ.

“ಮಿಸ್ಟೇಕ್ ನಂದು ಸರ್. ದೆವ್ವದ ಫೈಲ್ ಹಾಕೋ ಜಾಗದಲ್ಲಿ ಹಿರಿ ಸೊಸೆ ಫೈಲ್ ಹಾಕಿದ್ದೆ. ಯಾರಿಗೂ ಸಮಜಲೇ ಇಲ್ಲ, ನನಗೂ. ಮಾವಶಿ ನೆಲ ಒರೆಸ್ತಾ ಇದ್ರು. ಸ್ಪೀಕರಲ್ಲಿ ಕೇಳಿದ ತಕ್ಷಣ ಕೈ ನಿಲ್ಲಿಸಿದ್ರು.”

ಮುಂದಿನದನ್ನು ಸುಶೀಲಾಬಾಯಿ ಹೇಳುತ್ತಾರೆ. “ನಾ ಕೇಳ್ದೆ, ಇಕಿ ಗಂಡ ಸತ್ತಾಕಿ ಅಲ್ಲೇನೋ ಪ್ರಣವ್, ಮತ್ತ ಕಾಲಾಗ ಉಂಗುರ ಯಾಕ ಹಾಕ್ಯಾಳ ಅಂತ. ಅಂವ ಗಾಬರಿ ಆಗಿ ಅಳಸ್ಲಾಕ ಹೊಂಟ. ತಡಿ ತಡಿ, ಅಳಸಬ್ಯಾಡ ಅಂದೆ. ದೆವ್ವದ ಹೆಸರ್ಲೆ ಬ್ಯಾರೆ ಯಾವಾಕಿನೋ ತಿರಗ್ಲಾಕತ್ತಾಳ, ಅಕಿನ ಹಿಡೀಲಿ ನಿಮ್ಮ ಪೊಲೀಸಪ್ಪ ಅಂದೆ. ಅವಿನಾಶ್ ಸಾಹೇಬ್ರು ಅಲ್ಲೇ ಕುರ್ಚಿ ಮ್ಯಾಲ ಕುಂತಿದ್ರು. ಚಪ್ಪಾಳಿ ಹೊಡದ್ರು.”

ಅಲ್ಲಿಯವರೆಗೆ ಆ ಆಟದ ಕೊಲೆಗಾರ ವಕೀಲನಾಗಿದ್ದ. ಪೆಟ್ಟಿಗೆಯೊಳಗೆ ಸಿಗುವ ಹಳೆಯ ಪತ್ರದಿಂದ ಸಿಕ್ಕಿಬೀಳುತ್ತಿದ್ದ. ಅಂಥ ಸಪ್ಪೆ ಕಥೆಯನ್ನು ನೆಲ ಒರೆಸುವ ಹೆಂಗಸು ಒಂದು ಮಾತಿನಲ್ಲಿ ಎತ್ತಿ ನಿಲ್ಲಿಸಿದರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು.

ಅವರ ಪೂರ್ತಿ ಹೆಸರು ಸುಶೀಲಾಬಾಯಿ ವಿಶ್ವನಾಥಪ್ಪ ಹಲಬರ್ಗೆ. ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನವರು. ಗಂಡ ವಿಶ್ವನಾಥಪ್ಪ ಔರಂಗಾಬಾದಿನ ವಾಳೂಜಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದರು. ಒಂದೇ ಕೋಣೆಯ ಮನೆ. ಅತ್ತೆ ಚನಬಸವ್ವನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಬಾಗಿಲ ಪಕ್ಕ ಕೂತು ಓಣಿಯಲ್ಲಿ ಹೋಗುವವರನ್ನೆಲ್ಲ ಹೆಜ್ಜೆಯಿಂದಲೇ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಸೊಸೆಯೂ ತಮಾಷೆಗೆಂದು ಅವರಿವರ ನಡಿಗೆ ಕಲಿತರು. ಪಕ್ಕದ ಮನೆಯವಳಂತೆ ನಡೆದು ಬಂದು ಅತ್ತೆಯನ್ನು ಮೋಸಗೊಳಿಸಿ ಇಬ್ಬರೂ ನಗುತ್ತಿದ್ದರು.

2003ರಲ್ಲಿ ವಿಶ್ವನಾಥಪ್ಪ ಕೆಲಸದ ಮೇಲಿದ್ದಾಗಲೇ ಎದೆನೋವಿನಿಂದ ತೀರಿಕೊಂಡರು. ಸಂಜೆ ಆರೂವರೆ ಆದರೆ ಸಾಕು, ಮಗ ಬರುವ ಹೊತ್ತೆಂದು ಅತ್ತೆ ಕಿವಿ ನೆಟ್ಟು ಕೂರುತ್ತಿದ್ದರು. ಊಟ ಬಿಟ್ಟರು.

“ನನಗ ನೋಡ್ಲಾಕ ಆಗಲಿಲ್ರಿ. ಒಂದಿನ ಅವರ ಬೂಟ್ ಹಾಕ್ಕೊಂಡು ಓಣ್ಯಾಗಿಂದ ನಡಕೋತ ಬಂದೆ. ಅವರು ಎಡಗಾಲ ಜರಾ ಎಳೀತಿದ್ರು, ಹಂಗೇ ಎಳದೆ. ಅತ್ತಿ ಅವತ್ತ ಅರ್ಧ ರೊಟ್ಟಿ ಉಂಡ್ರು. ಎಂಟು ದಿನ ಹಂಗೇ ಮಾಡ್ದೆ. ಒಂಬತ್ತನೇ ದಿನಕ್ಕ ಅತ್ತಿ ಅಂದ್ರು, ಬೂಟು ನಿನಗ ದೊಡ್ಡವಾಗ್ತಾವ ಸುಶೀಲಾ, ಕಾಲ್ ಹೊರಳೀತು, ಬಿಡು. ಮೊದಲನೇ ದಿನಾನೇ ತಿಳದಿತ್ತಂತ ಅವರಿಗಿ.”

ಜಗುಲಿಯ ಸಾಲಿನ ಕೊನೆಯಲ್ಲಿರುವ ಕಾರ್ಖಾನೆಯ ಬೂಟು ಅದೇ. ‘ತಿಸರಾ ಚೌಕ್’ ಆಡುವ ಪ್ರತಿಯೊಬ್ಬ ಪತ್ತೇದಾರನೂ, ಅವನು ಯಾವ ದೇಶದಲ್ಲೇ ಕೂತಿರಲಿ, ನಡೆಯುವುದು ವಾಳೂಜಿನ ವಿಶ್ವನಾಥಪ್ಪನ ಬೂಟಿನಲ್ಲಿ.

ಅತ್ತೆಯೂ ತೀರಿಕೊಂಡ ಮೇಲೆ, 2006ರಲ್ಲಿ, ಸುಶೀಲಾಬಾಯಿ ನಾಸಿಕದಲ್ಲಿರುವ ಮೈದುನ ಶಿವಕಾಂತನ ಮನೆಗೆ ಬಂದರು. ಅದೇ ವರ್ಷ ಸ್ಟುಡಿಯೊದ ಕಸಬರಿಗೆ ಕೈಗೆ ಬಂತು. ಆಟಕ್ಕೆ ಹೆಜ್ಜೆ ಸಪ್ಪಳ ಬೇಕಾದಾಗ ಕಂಪನಿ ಮೊದಲು ಹೊರದೇಶದ ಧ್ವನಿ ಸಂಗ್ರಹವೊಂದನ್ನು ಕೊಂಡಿತ್ತು. ಅದರಲ್ಲಿ ಜನ ಅಡುಗೆಮನೆಗೂ ದೇವರಮನೆಗೂ ಬೂಟು ಹಾಕಿಕೊಂಡೇ ನುಗ್ಗುತ್ತಿದ್ದರು. “ಇವ್ರೇನು ಚಪ್ಪಲ್ ಬಿಡೋದು ತಿಳೀಲಾರದ ಮಂದಿನಾ?” ಎಂದು ಕಸ ಗುಡಿಸುತ್ತ ನಕ್ಕವರು ಸುಶೀಲಾಬಾಯಿ. ಹೇಗಿರಬೇಕೆಂದು ನಡೆದೂ ತೋರಿಸಿದರು. ಅಂದಿನಿಂದ ಮುಂಜಾನೆಯ ಈ ಕೆಲಸ ಅವರಿಗೆ ಗಂಟುಬಿತ್ತು. ಮೊದಲ ಆಟಕ್ಕೆಂದು ಅವರು ನಡೆದ ಹೆಜ್ಜೆ ಹನ್ನೊಂದು ಸಾವಿರಕ್ಕೂ ಹೆಚ್ಚು, ತೆಗೆದು ಮುಚ್ಚಿದ ಬಾಗಿಲು ನಲವತ್ತೊಂದು.

ಹಿರಿಯ ಸೊಸೆಯ ನಡಿಗೆಗೆ ಕಾಲುಂಗುರ ಬೇಕಿತ್ತು. ಒಂಬತ್ತು ವರ್ಷದಿಂದ ತಗಡಿನ ಡಬ್ಬಿಯಲ್ಲಿದ್ದ ತಮ್ಮ ಉಂಗುರಗಳನ್ನೇ ಸುಶೀಲಾಬಾಯಿ ತೆಗೆದು ಹಾಕಿಕೊಂಡರು. ಒಂದು ಬೆಳಿಗ್ಗೆ ಬಿಚ್ಚಿಡುವುದು ಮರೆತು ಮನೆಗೆ ಹೋದರು. ನೆಗೆಣ್ಣಿ ವಿಜಯಶ್ರೀ ಕಣ್ಣಿಗೆ ಬಿತ್ತು. ವಿಧವೆಯ ಕಾಲಲ್ಲಿ ಉಂಗುರ! ಓಣಿಯ ಬಾಯಿಗೆ ಅಷ್ಟು ಸಾಕಾಯಿತು. ಸಂಬಂಧಿಕರ ತೊಟ್ಟಿಲ ಕಾರ್ಯಕ್ಕೆ ಮನೆಯವರನ್ನೆಲ್ಲ ಕರೆದರು, ಇವರೊಬ್ಬರನ್ನು ಬಿಟ್ಟು.

“ಕೆಲಸಕ್ಕ ಹಾಕ್ಕೊಂಡೀನ್ರಿ. ಡ್ರೈವರ್ ಖಾಕಿ ಹಾಕ್ಕೊಳ್ಳಲ್ಲೇನು? ಹಂಗ. ಆಟ ಬರ್ಲಿ, ಕಡೀಕ ನನ್ನ ಹೆಸರು ಬರ್ತದ, ಅವಾಗ ತಿಳೀತದ ನಿಮಗ ಅಂತ ಹೇಳಿದ್ದೆ ಅವರಿಗಿ.”

ಆಟ ಬಂತು. ಕೊನೆಯಲ್ಲಿ ಇಂಗ್ಲಿಷಿನಲ್ಲಿ ಹೆಸರುಗಳ ಪಟ್ಟಿಯೂ ಬಂತು. ಇಂಗ್ಲಿಷ್ ಓದಲು ಬಾರದ ಸುಶೀಲಾಬಾಯಿ ಅದರಲ್ಲಿ ತಾವೂ ಇದ್ದೇವೆ ಎಂದೇ ಎರಡು ವರ್ಷ ನಂಬಿಕೊಂಡಿದ್ದರು. ಕಳೆದ ತಿಂಗಳು ಮೈದುನನ ಮಗಳು ರಂಜನಿ ಕಾಲೇಜಿನ ಲ್ಯಾಪ್‌ಟಾಪನ್ನು ಮನೆಗೆ ತಂದು, ಆಟ ಮುಗಿಸಿ, ಎಲ್ಲರನ್ನೂ ಕೂರಿಸಿಕೊಂಡು ಆ ಪಟ್ಟಿಯನ್ನು ಓದಿದಳು. ನಿರ್ದೇಶನ ಅವಿನಾಶ್. ಕಥೆ ಅವಿನಾಶ್. ಧ್ವನಿ ವಿನ್ಯಾಸವೂ ಅವಿನಾಶ್. ಆಫೀಸಿನ ಬೆಕ್ಕಿಗೆ ಕೃತಜ್ಞತೆ. ಪಿಜ್ಜಾ ತಂದುಕೊಟ್ಟವರಿಗೆ ಕೃತಜ್ಞತೆ. ಕಟ್ಟಕಡೆಗೆ ಒಂದು ಸಾಲು: “ಚಹಾಕ್ಕಾಗಿ ಮಾವಶಿಗೆ.”

ಆ ಸ್ಟುಡಿಯೊದ ಚಹಾ ಬರುವುದು ಎದುರಿನ ಟಪರಿ ಅಂಗಡಿಯಿಂದ. ಸುಶೀಲಾಬಾಯಿ ಅಲ್ಲಿ ಎಂದೂ ಚಹಾ ಮಾಡಿದವರಲ್ಲ.

ಪಟ್ಟಿ ಮುಗಿದದ್ದೇ ನೆಗೆಣ್ಣಿ ಕೇಳಿದರು: “ಚಹಾ ಮಾಡ್ಲಾಕ ಕಾಲುಂಗುರ ಬೇಕಾತೇನು ಅಕ್ಕಾ?”

ಈ ಮಾತು ಕೇಳಿಸಿಕೊಂಡಾಗ ನನಗೆ ಮೈಯೆಲ್ಲ ಉರಿಯಿತು. ವಿಜಯಶ್ರೀ ಮೇಲೆ ಅಷ್ಟಲ್ಲ. ಆ ಮಾತನ್ನು ಅವರ ಬಾಯಿಗೆ ಇಟ್ಟುಕೊಟ್ಟ ಬುದ್ಧಿವಂತರ ಮೇಲೆ. ಕಂಪನಿಯ ಹೆಸರನ್ನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಅವರ ಹೆಸರು ಬರಬೇಕಾದ ಕಡೆಯೆಲ್ಲ ಬಂದಾಗಿದೆ.

ಅವಿನಾಶ್ ಅವರನ್ನು ಸ್ಟುಡಿಯೊದಲ್ಲಿ ಭೇಟಿಯಾದೆ. ಸಭ್ಯರು, ಕನ್ನಡದಲ್ಲೇ ಮಾತಾಡಿದರು. “ಮಾವಶಿ ನಮ್ಮ ಮನೆಯವರ ಥರ ಸಾರ್. ಅವರು ಯಾವತ್ತೂ ಹೆಸರು ಬೇಕು ಅಂತ ಕೇಳಲೇ ಇಲ್ಲ. ಆ ಸಾಲು ಪ್ರೀತಿಯಿಂದ ಹಾಕಿದ್ದು, ತಮಾಷೆಗೆ.” ಸುಳಿವಿನ ಮಾತೆತ್ತಿದೆ. “ಒಂದು ಟೀಮಲ್ಲಿ ಯಾವ ಐಡಿಯಾ ಯಾರದು ಅಂತ ಹೇಳೋದು ಕಷ್ಟ” ಎಂದರು. ಪ್ರಶಸ್ತಿ ತೆಗೆದುಕೊಳ್ಳುವ ದಿನ ಅಷ್ಟೇನೂ ಕಷ್ಟವಾಗಿರಲಿಲ್ಲ ಎಂದೆ. ಅವರು ಫೋನ್ ನೋಡಿಕೊಂಡರು. ಮನೆಯವರ ಥರ ಎನ್ನುವ ಮಾತನ್ನು ನಾನು ಎಷ್ಟು ಕಡೆ ಕೇಳಿಲ್ಲ! ಕೊಡಬೇಕಾದ್ದನ್ನು ಕೊಡದೆ ಇರುವ ಕಡೆಯಲ್ಲೆಲ್ಲ ಅದು ತಪ್ಪದೆ ಕೇಳುತ್ತದೆ.

ಮರುದಿನ ಮತ್ತೆ ನಾಲ್ಕೂಮುಕ್ಕಾಲು, ಇಲ್ಲಿಯವರ ಬಾಯಲ್ಲಿ ಪೌಣೆ ಐದು, ಅದೇ ವಾಡೆ. ಬೇರೆ ಹೆಜ್ಜೆಗಳೆಲ್ಲ ಮುಗಿದು ದೆವ್ವದ ಸರದಿ ಬಂದಾಗ ಆರಕ್ಕೆ ಹತ್ತು ನಿಮಿಷ. ಎರಡನೆಯ ಭಾಗ ಶುರುವಾಗುವುದೇ ಮಾಳಿಗೆಯಿಂದ ಇಳಿದು ಬರುವ ಆ ಕಾಲುಂಗುರದ ಹೆಜ್ಜೆಯಿಂದ. ಕಲ್ಲು ಮೆಟ್ಟಿಲು ಹನ್ನೆರಡು. ಮುಖ್ಯವಾದ ಸಪ್ಪಳ ಎಂದು ಅವಿನಾಶ್ ತಾವೇ ಎದ್ದು ಬಂದಿದ್ದಾರೆ. ಸುಶೀಲಾಬಾಯಿ ಡಬ್ಬಿ ತೆರೆದು ಉಂಗುರ ಹಾಕಿಕೊಂಡು ಮೇಲಿನ ಮೆಟ್ಟಿಲಲ್ಲಿ ನಿಲ್ಲುತ್ತಾರೆ. ಪ್ರಣವ್ ಕೈ ಎತ್ತಿ ಇಳಿಸುತ್ತಾರೆ. ಮೈಕು ಚಾಲೂ ಆಗಿದೆ.

ಹೆಜ್ಜೆ ಕೇಳುವುದಿಲ್ಲ.

“ಮಾವಶಿ, ನಡೀರಿ. ಟೈಮ್ ಆಗ್ತಿದೆ” ಎನ್ನುತ್ತಾರೆ ಅವಿನಾಶ್.

“ಈ ಆಟದಾಗ ನನ್ನ ಹೆಸರು ಬರೀತೀರೇನ್ರಿ ಸಾಹೇಬ್ರ?”

“ಬರೀತೀವಿ ಮಾವಶಿ, ಈ ಸಲ ಪಕ್ಕಾ. ಈಗ ನಡೀರಿ.”

“ಏನಂತ ಬರೀತೀರಿ?”

“ಹೆಜ್ಜೆ ಸಪ್ಪಳ ಅಂತ.”

“ಅದು ಕೆಲಸ ಆತ್ರಿ. ಹೆಸರು?”

ಎಂಟು ವರ್ಷ ದಿನಕ್ಕೆ ಹತ್ತು ಸಲ ಮಾವಶಿ ಎಂದು ಕರೆದ ಅವಿನಾಶ್ ಈಗ ಪ್ರಣವ್ ಕಡೆ ನೋಡುತ್ತಾರೆ. ಪ್ರಣವ್ ಇನ್ನೇನು ಹೇಳಬೇಕು, ಮೇಲಿನಿಂದ ಸುಶೀಲಾಬಾಯಿ ಕೈ ಅಡ್ಡ ಮಾಡುತ್ತಾರೆ. “ನೀ ಹೇಳಬ್ಯಾಡಪ್ಪ.”

ಅಂಗಳಕ್ಕೆ ಬೆಳಕು ಇಳಿಯುತ್ತದೆ. ಅವಿನಾಶ್ ಒಮ್ಮೆ ಗಡಿಯಾರ ನೋಡುತ್ತಾರೆ, ಒಮ್ಮೆ ನನ್ನ ಕೈಯಲ್ಲಿರುವ ನೋಟ್‌ಬುಕ್ ನೋಡುತ್ತಾರೆ. ಹೇಳಿಕೊಡಬಹುದಿತ್ತು, ನಾನು ಹೇಳಲಿಲ್ಲ. ಹಾಲಿನ ಟೆಂಪೊ ಹಾರ್ನ್ ಹೊಡೆಯುತ್ತ ಓಣಿಗೆ ನುಗ್ಗುತ್ತದೆ. ಪ್ರಣವ್ ಹೆಡ್‌ಫೋನ್ ತೆಗೆದು ಕೆಳಗಿಡುತ್ತಾರೆ.

ಸುಶೀಲಾಬಾಯಿ ಮೆಟ್ಟಿಲ ಮೇಲೆಯೇ ಕೂತು ಉಂಗುರ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ. ಹತ್ತೊಂಬತ್ತು ಜೊತೆಯನ್ನೂ ಚೀಲಕ್ಕೆ ತುಂಬುತ್ತಾರೆ. ಗಂಡನ ಬೂಟನ್ನು ಎಲ್ಲಕ್ಕೂ ಮೇಲೆ ಇಡುತ್ತಾರೆ. ಬಾಗಿಲ ಹತ್ತಿರ ನಿಂತು, ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ ಹೇಳುತ್ತಾರೆ:

“ನಾಳಿ ಪೌಣೆ ಐದಕ್ಕ ಬಂದಿರ್ತೀನ್ರಿ ಸಾಹೇಬ್ರ. ನೀವು ನನ್ನ ಹೆಸರು ಕಲತು ಬರ್ರಿ.”